ಒಂದೇ ಟ್ಯಾಂಕಿನಲ್ಲಿ ಮೂರು ಬ್ಲೆನ್ನಿ: ಪೊಟರೆ, ಮೇವು ಮತ್ತು ಜಾಗದ ಹಂಚಿಕೆ

ಬ್ಲೆನ್ನಿಗಳು, ಅಂದರೆ ಬಂಡೆಯ ಸಂದುಗೊಂದುಗಳ ಪುಟ್ಟ ಕಡಲಮೀನುಗಳು, ಕಚ್ಚಾಡುವುದು ಮುಖ್ಯವಾಗಿ ಎರಡಕ್ಕೆ: ಕೂರುವ ಪೊಟರೆ, ಮೇಯುವ ಬಂಡೆ. ಟ್ಯಾಂಕಿನ ಅಳತೆ ಆಮೇಲಿನ ಮಾತು. ನಾಲ್ಕಡಿ ಟ್ಯಾಂಕಿನಲ್ಲಿ ಒಂದೇ ಜಾತಿಯ ಎರಡು ಗಂಡು ಬಿಟ್ಟರೆ ಒಂದು ಸಾಯುವವರೆಗೂ ಜಗಳ ನಿಲ್ಲದು. ಬದುಕುವ ರೀತಿಯೇ ಬೇರೆಯಾದ ಮೂರು ಮೀನು ಅದೇ ನೀರಿನಲ್ಲಿ ನೆಮ್ಮದಿಯಾಗಿರುತ್ತವೆ. ಹಾಗಾಗಿ ನಾನು ಆರಿಸುವಾಗ ಬಣ್ಣಕ್ಕಿಂತ ಮೊದಲು ಮೀನಿನ ಕಸುಬು ನೋಡುತ್ತೇನೆ: ಬಂಡೆ ಕೆರೆದು ತಿನ್ನುವುದೊಂದು, ಪೊಟರೆಯಿಂದ ಇಣುಕುತ್ತ ಅಲ್ಲೇ ಸುತ್ತಮುತ್ತ ಮೇಯುವುದೊಂದು, ನಡುನೀರಿನಲ್ಲಿ ಈಜುತ್ತ ತಿನ್ನುವುದೊಂದು.

ಟ್ಯಾಂಕ್ 120 ಸೆಂ.ಮೀ. ಉದ್ದ, 45 ಅಗಲ, 50 ಎತ್ತರ. ಸುಮಾರು 270 ಲೀಟರ್. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಉಷ್ಣತೆ 25 ಡಿಗ್ರಿ. ಕೆರೆಯುವ ಕೆಲಸಕ್ಕೆ ಲಾನ್‌ಮೋವರ್ ಬ್ಲೆನ್ನಿ, ಅಂದರೆ ಸಲೇರಿಯಾಸ್ ಫ್ಯಾಸಿಯೇಟಸ್. ಇದು 14 ಸೆಂ.ಮೀ. ತನಕ ಬೆಳೆಯುತ್ತದೆ. ಪೊಟರೆಗೆ ಟೇಲ್‌ಸ್ಪಾಟ್, ಎಕ್ಸೀನಿಯಸ್ ಸ್ಟಿಗ್ಮಾಟುರ, 6 ಸೆಂ.ಮೀ. ದಾಟುವುದು ಅಪರೂಪ. ನಡುನೀರಿಗೆ ಕ್ಯಾನರಿ ಬ್ಲೆನ್ನಿ, ಮೀಯಾಕ್ಯಾಂಥಸ್ ಔವಲನೆನ್ಸಿಸ್. ಹೆಚ್ಚಿನ ಬ್ಲೆನ್ನಿಗಳಿಗೆ ಗಾಳಿಚೀಲ ಇಲ್ಲ, ಅದಕ್ಕೇ ಕುಪ್ಪಳಿಸಿ ಕುಪ್ಪಳಿಸಿ ಕೂರುತ್ತವೆ. ಕ್ಯಾನರಿಗೆ ಗಾಳಿಚೀಲ ಇರುವುದರಿಂದ ನೀರಿನಲ್ಲಿ ತೇಲಿ ನಿಲ್ಲಬಲ್ಲದು. ಕೆಳಗಿನ ಬಂಡೆಗಾಗಿ ಮಿಕ್ಕ ಎರಡರ ಜತೆ ಪೈಪೋಟಿಗೆ ಇಳಿಯುವುದಿಲ್ಲ.

ಕ್ಯಾನರಿಯ ಕೆಳದವಡೆಯಲ್ಲಿ ವಿಷದ ಕೋರೆಹಲ್ಲಿದೆ. ಬರಿಗೈಯಲ್ಲಿ ಹಿಡಿಯಬೇಡಿ, ಬಲೆಯಿಂದ ಬಿಡಿಸಲೂ ಬೆರಳು ಹಾಕಬೇಡಿ. ಆ ಹಲ್ಲು ಇರುವುದು ತನ್ನನ್ನು ನುಂಗಲು ಬರುವ ಮೀನಿಗಾಗಿ, ಟ್ಯಾಂಕಿನ ಜತೆಗಾರರ ತಂಟೆಗೆ ಇದು ಸಾಮಾನ್ಯವಾಗಿ ಹೋಗುವುದಿಲ್ಲ. ಕ್ಯಾನರಿ ಸಿಗದಿದ್ದರೆ ಮೈಡಾಸ್ ಬ್ಲೆನ್ನಿ ಆಗುತ್ತದೆ. ಆದರೆ ಅದೂ ಟೇಲ್‌ಸ್ಪಾಟ್‌ನ ಕುಲದ್ದೇ. ಗಾತ್ರ, ಬಣ್ಣ ಎರಡೂ ಬೇರೆ ಇರುವುದರಿಂದ ಹೆಚ್ಚಿನ ಸಲ ಹೊಂದಿಕೊಳ್ಳುತ್ತವೆ, ಖಾತ್ರಿ ಇಲ್ಲ. ಮೈಡಾಸ್ ಜತೆ ಬೈಕಲರ್ ಬ್ಲೆನ್ನಿ ಮಾತ್ರ ಬೇಡವೇ ಬೇಡ: ಒಂದೇ ಕುಲ, ಒಂದೇ ಗಾತ್ರ, ಇಬ್ಬರಿಗೂ ಬೇಕಾದದ್ದು ಒಂದೇ ಅಳತೆಯ ಪೊಟರೆ.

ಕೊಳ್ಳುವಾಗ ಬಾಯಿ ನೋಡಿ. ಪ್ಲೇಜಿಯೋಟ್ರೀಮಸ್ ಕುಲದ ಬ್ಲೆನ್ನಿಗಳು ಬೇರೆ ಮೀನಿನ ಹುರುಪೆ, ಚರ್ಮ ಕಿತ್ತು ತಿಂದೇ ಬದುಕುತ್ತವೆ. ಬೇರೆ ಮೀನಿನ ಮೈಯ ಪರಾವಲಂಬಿ ಹೆಕ್ಕಿ ತಿನ್ನುವ ಕ್ಲೀನರ್ ರಾಸ್ ಮೀನು ಎಂದುಕೊಂಡು ಇಂಥವನ್ನು ತರುವವರಿದ್ದಾರೆ. ನಿಜವಾದ ಕ್ಲೀನರ್ ರಾಸ್‌ನ ಬಾಯಿ ಮೂತಿಯ ತುದಿಯಲ್ಲಿರುತ್ತದೆ, ಈ ಕಳ್ಳನ ಬಾಯಿ ಮೂತಿಯ ಅಡಿಯಲ್ಲಿ. ಪಕ್ಕದಿಂದ ನೋಡಿದರೆ ಗೊತ್ತಾಗುತ್ತದೆ.

ಬಂಡೆ ಜೋಡಿಸುವುದೇ ಅರ್ಧ ಕೆಲಸ. ಒಂದೇ ಉದ್ದನೆಯ ಗೋಡೆಯಂತೆ ಪೇರಿಸಿದರೆ ಇಡೀ ಗೋಡೆಗೆ ಒಂದು ಮೀನು ಯಜಮಾನನಾಗುತ್ತದೆ. ನಾನು ಮೂರು ಗುಡ್ಡೆ ಮಾಡುತ್ತೇನೆ, ನಡುನಡುವೆ 15ರಿಂದ 20 ಸೆಂ.ಮೀ. ಬರಿ ಮರಳು. ಮರಳಿನ ಆ ಪಟ್ಟಿಯೇ ಗಡಿ. ಅಟ್ಟಿಸಿಕೊಂಡು ಬಂದ ಮೀನು ಸಾಮಾನ್ಯವಾಗಿ ಅಲ್ಲಿಂದ ಹಿಂತಿರುಗುತ್ತದೆ. ಮೀನು ಒಂದಕ್ಕೆ ಮೂರು ಪೊಟರೆಯಂತೆ ಒಂಬತ್ತು ಬೇಕು. ಒಂದರ ಬಾಯಿಗೆ ಇನ್ನೊಂದರ ಬಾಯಿ ಎದುರಾಗಬಾರದು, ಎದುರಾಳಿಯ ಮುಖ ದಿನವಿಡೀ ಕಾಣುತ್ತಿದ್ದರೆ ಯಾವುದೂ ತಣ್ಣಗಾಗುವುದಿಲ್ಲ.

ಪೊಟರೆಯ ಅಳತೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಬ್ಲೆನ್ನಿ ಬಾಲ ಮೊದಲು ಮಾಡಿ ಹಿಂದಕ್ಕೆ ಸರಿದು ಒಳಹೋಗುತ್ತದೆ, ಕೊನೆಗೆ ತಲೆ ಬಾಗಿಲನ್ನು ತುಂಬಬೇಕು. ಬಾಗಿಲು ದೊಡ್ಡದಾದರೆ ಎದುರಾಳಿಯ ತಲೆಯೂ ಒಳಗೆ ತೂರುತ್ತದೆ, ಆಗ ಅದು ಆಸರೆಯಲ್ಲ. ಟೇಲ್‌ಸ್ಪಾಟ್‌ಗೆ 12 ಮಿ.ಮೀ. ತೂತು, 7ರಿಂದ 8 ಸೆಂ.ಮೀ. ಆಳ. ಮೈಡಾಸ್, ಕ್ಯಾನರಿಗೆ 20 ಮಿ.ಮೀ. ಪಿವಿಸಿ ಪೈಪ್, 15 ಸೆಂ.ಮೀ. ಉದ್ದ. ಲಾನ್‌ಮೋವರ್‌ಗೆ ಕೊಳವೆಗಿಂತ ಬಂಡೆಯ ಚಾಚು, ಅದರಡಿಯ ಸಂದು ಇಷ್ಟ; 30 ಮಿ.ಮೀ. ಸಂದು ಸಾಕು. ಹಿಂಬದಿ ಮುಚ್ಚಿರಲೇಬೇಕು. ಎರಡೂ ಕಡೆ ತೆರೆದ ಪೈಪಿನಲ್ಲಿ ಬಾಲ ಕಚ್ಚಿಸಿಕೊಳ್ಳುತ್ತವೆ.

ತೂತು ಕೊರೆಯುವುದು ಒಣ ಬಂಡೆಗೆ, ಅದೂ ಟ್ಯಾಂಕಿಗಿಡುವ ಮೊದಲೇ. ಮೇಸನ್ರಿ ಬಿಟ್ ಹಾಕಿ, ಡ್ರಿಲ್‌ನ ಹ್ಯಾಮರ್ ಬಂದ್ ಮಾಡಿ, ಇಲ್ಲದಿದ್ದರೆ ಬಂಡೆ ಸೀಳುತ್ತದೆ. ಕೊರೆಯುವಾಗ ನೀರು ಚಿಮುಕಿಸುತ್ತಿದ್ದರೆ ದೂಳೂ ಏಳದು, ಆದರೆ ನೀರು ಡ್ರಿಲ್‌ನ ಮೋಟಾರಿಗೆ ತಾಗದಂತೆ ನೋಡಿಕೊಳ್ಳಿ. ಪೈಪ್ ಕೂರಿಸಲು ಎಪಾಕ್ಸಿ ಪುಟ್ಟಿ. ಒಂದು ತುದಿಯನ್ನೂ ಅದರಿಂದಲೇ ಮುಚ್ಚುತ್ತೇನೆ.

ಮೇಲಿನ ಮುಚ್ಚಳಕ್ಕೆ 6 ಮಿ.ಮೀ. ಕಣ್ಣಿನ ಜಾಲರಿ. ವೈರು ಹೋಗುವ ಮೂಲೆಯ ಸಂದನ್ನು ಹಾಗೇ ಬಿಡುವವರು ಬಹಳ. ಹೊಸ ಮೀನು ಹಾರುವುದು ಅಲ್ಲಿಂದಲೇ. ಮೀನು ಕಾಣದಿದ್ದರೆ ಮೊದಲು ಓವರ್‌ಫ್ಲೋ ಪೆಟ್ಟಿಗೆ ಮತ್ತು ಟ್ಯಾಂಕಿನ ನೀರು ಇಳಿದು ಸೋಸಿಕೊಳ್ಳುವ ಕೆಳತೊಟ್ಟಿಯಾದ ಸಂಪ್‌ನ ಫಿಲ್ಟರ್ ಸಾಕ್ಸ್ ನೋಡಿ.

ಕ್ವಾರಂಟೈನ್‌ನಲ್ಲಿ ಬ್ಲೆನ್ನಿಗೆ ತಾಮ್ರದ ಔಷಧಿ ಹಾಕಲು ನನಗೆ ಮನಸ್ಸಿಲ್ಲ. ಇವುಗಳ ಮೈಮೇಲೆ ಹುರುಪೆ ಇಲ್ಲ, ಔಷಧಿ ತಡೆದುಕೊಳ್ಳುವುದು ಕಷ್ಟ. ಪರಾವಲಂಬಿಯಿಂದ ಮೈಮೇಲೆ ಬಿಳಿ ಚುಕ್ಕೆ ಏಳುವ ವೈಟ್ ಸ್ಪಾಟ್‌ಗೆ ಟ್ಯಾಂಕ್ ಬದಲಿಸುವ ಕ್ರಮವನ್ನೇ ಅನುಸರಿಸುತ್ತೇನೆ: 40 ಲೀಟರಿನ ಎರಡು ಡಬ್ಬಿ, 72 ಗಂಟೆಗೊಮ್ಮೆ ಒಂದರಿಂದ ಇನ್ನೊಂದಕ್ಕೆ, ನಾಲ್ಕು ಬಾರಿ. ಮೀನಿನಿಂದ ಉದುರಿದ ಪರಾವಲಂಬಿ ತಳದಲ್ಲಿ ಗೂಡು ಕಟ್ಟಿಕೊಳ್ಳುತ್ತದೆ. ಅದು ಒಡೆದು ಮರಿ ಹೊರಬರುವಷ್ಟರಲ್ಲಿ ಮೀನು ಆ ನೀರಿನಲ್ಲಿ ಇರುವುದಿಲ್ಲ. ಬಿಟ್ಟ ಡಬ್ಬಿ, ಪೈಪ್, ಏರ್‌ಸ್ಟೋನ್ ಎಲ್ಲವನ್ನೂ ತೊಳೆದು ಪೂರ್ತಿ ಒಣಗಿಸಬೇಕು. ಈ ಕ್ರಮ ವೆಲ್ವೆಟ್ ರೋಗಕ್ಕೆ, ಫ್ಲೂಕ್ ಹುಳುವಿಗೆ ನಾಟುವುದಿಲ್ಲ, ಹಾಗಾಗಿ ಮುಗಿದ ಮೇಲೂ ಎರಡು ವಾರ ಬೇರೆಯಾಗಿಟ್ಟು ಗಮನಿಸಬೇಕು. ಲಾನ್‌ಮೋವರ್ ಈ ಅವಧಿಯಲ್ಲಿ ಉಪವಾಸ ಬೀಳುವುದೇ ದೊಡ್ಡ ಅಪಾಯ. ಅದಕ್ಕೆ ಮೊದಲೇ ಮೀನಿಲ್ಲದ ಬಕೆಟ್‌ನಲ್ಲಿ ಉಪ್ಪುನೀರು ಹಾಕಿ, ಲೈಟಿನಡಿ ಒರಟು ಟೈಲ್ ತುಂಡುಗಳ ಮೇಲೆ ಪಾಚಿ ಬೆಳೆಸಿಡುತ್ತೇನೆ. ದಿನಕ್ಕೊಂದು ತುಂಡು, ಹಳೆಯದು ಹೊಸ ಡಬ್ಬಿಗೆ ಹೋಗಕೂಡದು.

ಬಿಡುವ ಸರದಿ: ಸಣ್ಣದು ಮೊದಲು, ಜೋರಿನದು ಕೊನೆಗೆ. ಟೇಲ್‌ಸ್ಪಾಟ್, ಆಮೇಲೆ ಕ್ಯಾನರಿ, ಕಡೆಗೆ ಲಾನ್‌ಮೋವರ್. ಕ್ಯಾನರಿ ಬದಲು ಮೈಡಾಸ್ ಇದ್ದರೆ ಅದೇ ಕಡೆಯದು. ಒಂದು ಮೀನು ಪೊಟರೆ ಹಿಡಿದು ನಿಂತು, ಕೈ ಹತ್ತಿರ ಹೋದಾಗಲೂ ಅದೇ ಪೊಟರೆಗೆ ಮರಳುವಂತಾದ ಮೇಲೆಯೇ ಮುಂದಿನದು. ಹೊಸದನ್ನು ತೂತುಗಳಿರುವ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ನಾಲ್ಕೈದು ದಿನ ಟ್ಯಾಂಕಿನೊಳಗೇ ತೂಗುಹಾಕಿ, ಅಲ್ಲೇ ಮೇವು ಕೊಡಿ. ಹಳೆಯ ಮೀನು ಬಂದು ನೋಡುವುದು, ಬಾಯಿ ತೆರೆದು ಹೆದರಿಸುವುದು ಸಹಜ. ನಾಲ್ಕನೇ ದಿನವೂ ಪೆಟ್ಟಿಗೆಗೆ ಮೂತಿ ಗುದ್ದುತ್ತಿದ್ದರೆ ಇನ್ನೂ ಕಾಯಿರಿ. ಬಿಡುವುದು ಲೈಟ್ ಆರಿದ ಮೇಲೆ.

ಮೇವಿನ ಲೆಕ್ಕ ತಪ್ಪಿದರೆ ಈ ಏರ್ಪಾಡೆಲ್ಲ ಕುಸಿಯುತ್ತದೆ. ಹೊಸ ಟ್ಯಾಂಕಿಗೆ ಲಾನ್‌ಮೋವರ್ ಹಾಕಬಾರದು. ಬಂಡೆಯ ಮೇಲೆ ಕಂದು-ಹಸಿರು ಪೊರೆ ಚೆನ್ನಾಗಿ ಕೂರಲು ಆರು ತಿಂಗಳಾದರೂ ಬೇಕು. ಉದ್ದ ಎಳೆಯ ಪಾಚಿಯನ್ನು ಇದು ತಿಂದು ಮುಗಿಸುತ್ತದೆ ಎಂಬ ನಂಬಿಕೆಯಿಂದ ಕೊಳ್ಳುವವರಿಗೆ ನಿರಾಶೆ ಕಾದಿರುತ್ತದೆ, ಅದರ ಬಾಚಣಿಗೆಯಂಥ ಹಲ್ಲಿಗೆ ದಕ್ಕುವುದು ತೆಳುವಾದ ಪೊರೆ ಮತ್ತು ಅದರಲ್ಲಿ ಸಿಕ್ಕಿಕೊಂಡ ಕಸ. ನಾನು ಮುಂದಿನ ಗಾಜನ್ನಷ್ಟೇ ಉಜ್ಜುತ್ತೇನೆ. ಹಿಂದಿನ ಗಾಜು, ಒಂದು ಪಕ್ಕದ ಗಾಜು ಅದರ ಹುಲ್ಲುಗಾವಲು. ಅಲ್ಲಿ ಪಾಚಿಯ ಪೊರೆಯ ಮೇಲೆ ಬೆರಳ ತುದಿಯಷ್ಟು ಅಗಲದ ತುಟಿಯ ಗುರುತು ಸಾಲುಸಾಲಾಗಿ ಮೂಡುತ್ತದೆ. ಬೆಳಿಗ್ಗೆ ಹೊಸ ಗುರುತು ಕಂಡರೆ ಮೀನು ಮೇಯುತ್ತಿದೆ. ಗುರುತಿನ ಮೇಲೆ ಮತ್ತೆ ಪೊರೆ ಕಟ್ಟಿದ್ದರೆ ಏನೋ ಅದನ್ನು ಹೆದರಿಸಿ ಕೂರಿಸಿದೆ.

ಇಷ್ಟಿದ್ದರೂ ಕೈಮೇವು ಬೇಕು. 5 ಸೆಂ.ಮೀ. ಚೌಕದ ಎರಡು ನೋರಿ (ಒಣಗಿಸಿದ ಕಡಲಪಾಚಿಯ ಹಾಳೆ) ತುಂಡು, ಟ್ಯಾಂಕಿನ ಎರಡು ತುದಿಗೆ ಒಂದೊಂದು. ಕ್ಲಿಪ್‌ಗಿಂತ ಚಪ್ಪಟೆ ಕಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿ ತಳದಲ್ಲಿಡುವುದು ಮೇಲು, ಬ್ಲೆನ್ನಿ ಕೂತು ತಿನ್ನುವ ಪ್ರಾಣಿ. ಸಂಜೆಗೆ ಉಳಿದದ್ದನ್ನು ತೆಗೆಯಿರಿ. ದಿನಕ್ಕೆ ಮೂರು ಸಲ, ಸ್ವಲ್ಪ ಸ್ವಲ್ಪ, ಹೆಪ್ಪುಗಟ್ಟಿದ್ದನ್ನು ಕರಗಿಸಿದ ಮೈಸಿಸ್ (ಸೀಗಡಿಯಂಥ ಸಣ್ಣ ಜೀವಿ) ಮತ್ತು ಸ್ಪಿರುಲಿನಾ ಫ್ಲೇಕ್. ಕ್ಯಾನರಿಗೆ ನಡುನೀರಿನಲ್ಲಿ ಬಿಟ್ಟು, ಅದು ತಿನ್ನುತ್ತಿರುವಾಗಲೇ ಪಿಪೆಟ್‌ನಿಂದ ಟೇಲ್‌ಸ್ಪಾಟ್‌ನ ಬಾಗಿಲಿಗೆ ಸ್ವಲ್ಪ ಊದುತ್ತೇನೆ. ವಾರಕ್ಕೊಮ್ಮೆ ಹೊಟ್ಟೆ ನೋಡಿ: ಎದೆಯ ರೆಕ್ಕೆಯ ಹಿಂದೆ ಒಳಕ್ಕೆ ಹೋಗಿದ್ದರೆ ಮೀನು ಬಡಕಲಾಗುತ್ತಿದೆ ಎಂದರ್ಥ. ಹವಳ ಕುಟುಕಲು ಶುರುಮಾಡಿದರೂ ಮೊದಲ ಅನುಮಾನ ಹಸಿವಿನ ಮೇಲೆಯೇ ಇರಲಿ.

ಎರಡು ಮೂರು ಸೆಕೆಂಡ್ ಅಟ್ಟಿಸಿ ಗಡಿಯಲ್ಲಿ ನಿಂತರೆ ಅದು ಜಗಳವಲ್ಲ. ಅಟ್ಟಿಸಿದ್ದು ಇನ್ನೊಂದರ ಪೊಟರೆಯೊಳಗೇ ನುಗ್ಗಿದರೆ, ಸೋತದ್ದು ಹೀಟರ್ ಹಿಂದೆಯೋ ನೀರಿನ ಮೇಲ್ಮೂಲೆಯಲ್ಲೋ ನಿಂತು ಬಣ್ಣ ಕಳೆದುಕೊಂಡಿದ್ದರೆ, ಬಾಲದ ಅಂಚು ಹರಿದಿದ್ದರೆ ಅಂದೇ ಬೇರ್ಪಡಿಸಬೇಕು. ತೆಗೆಯುವುದು ಹೊಡೆಯುವ ಮೀನನ್ನು, ಹೊಡೆಸಿಕೊಂಡದ್ದನ್ನಲ್ಲ. ಬಲೆ ಹಿಡಿದು ಅಟ್ಟುವುದು ವ್ಯರ್ಥ. ಹೆದರಿದ ಬ್ಲೆನ್ನಿ ತನ್ನ ಪೊಟರೆಗೇ ಓಡುತ್ತದೆ, ಅದನ್ನೇ ಬಳಸಿಕೊಳ್ಳಿ. ಅದು ಒಳಗೆ ಕೂತಾಗ ಬಾಗಿಲಿಗೆ ಸ್ಪಂಜು ತುರುಕಿ, ಬಂಡೆಯ ತುಂಡನ್ನೇ ಎತ್ತಿ, ಟ್ಯಾಂಕಿನ ನೀರು ತುಂಬಿದ ಬಕೆಟ್‌ಗೆ ಇಡಿ. ಸ್ಪಂಜು ತೆಗೆದು ಬಂಡೆಯನ್ನು ನೀರಿನಿಂದ ಸ್ವಲ್ಪ ಮೇಲೆತ್ತಿ ಬಾಗಿಲು ಕೆಳಮುಖ ಮಾಡಿ ಹಿಡಿದರೆ ಮೀನು ತಾನಾಗಿ ಜಾರಿ ಬೀಳುತ್ತದೆ. ಇದಕ್ಕಾಗಿಯೇ ಪೊಟರೆ ಇರುವ ತುಂಡುಗಳನ್ನು ಗುಡ್ಡೆಗೆ ಅಂಟಿಸದೆ, ಒಂದು ಕೈಯಲ್ಲಿ ಎತ್ತುವಷ್ಟು ಚಿಕ್ಕದಾಗಿ, ಎಲ್ಲಕ್ಕಿಂತ ಮೇಲೆ ಇಡಬೇಕು.