ಡೆಕ್ಸ್ ಮ್ಯಾಲ ಕತ್ತಿ ಹಿಡಿಯೋ ಕ್ಯಾರೆಕ್ಟರ್‌ಗೆ ಯಾವ ಫೈಟಿಂಗ್ ಸ್ಟೈಲ್? ಮೊದ್ಲ ಬೋನಸ್ ಆಕ್ಷನ್ ನೋಡ್ರಿ

ಹುಬ್ಬಳ್ಳಿ ವಿದ್ಯಾನಗರದಾಗ ನಾವು ಐದ್ ಮಂದಿ ರವಿವಾರ ಮಧ್ಯಾಹ್ನ ಗಿರ್ಮಿಟ್ ಮಿರ್ಚಿ ಇಟ್ಕೊಂಡು ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಉರುಳಿಸಿ ಒಂದೊಂದ್ ಕ್ಯಾರೆಕ್ಟರ್ ಆಗಿ ಆಡೋ ಕಥಿ ಆಟ) ಆಡಾಕ್ ಕುಂದ್ರತೀವಿ, ಹೊಸದಾಗಿ ಬಂದವ್ರು ಡೆಕ್ಸ್ಟೆರಿಟಿ (ಡೆಕ್ಸ್, ಅಂದ್ರ ಚುರುಕುತನ) ಮ್ಯಾಲ ನಡಿಯೋ ಕ್ಯಾರೆಕ್ಟರ್ ಮಾಡಿದ್ರ ಸಾಕು, ಎರಡು ಕತ್ತಿ ಹಿಡಿಲೇನು ಇಲ್ಲಾ ಒಂದ ಸಾಕೇನು ಅಂತ ಕೇಳೇ ಕೇಳ್ತಾರ. ನಾ ಹೇಳೂದು 2014ರ ರೂಲ್ಸ್ ಪ್ರಕಾರ, ನಮ್ಮ ಟೇಬಲ್‌ನಾಗ ಇನ್ನೂ ಅದ ನಡೀತೈತಿ.

ಫೈಟಿಂಗ್ ಸ್ಟೈಲ್ ಅಂದ್ರ ಫೈಟರ್, ರೇಂಜರ್‌ನಂಥ ಕ್ಯಾರೆಕ್ಟರ್‌ಗೆ ಸಿಗೋ ಕಾದಾಟದ ವಿಶೇಷ ಕೌಶಲ್ಯ, ಅದರ ಲಿಸ್ಟ್ ಆಮ್ಯಾಲ ತೆಗೀರಿ. ಮೊದ್ಲ ಒಂದು ಹಾಳಿ ತಗೊಂಡು ನಿಮ್ಮ ಬೋನಸ್ ಆಕ್ಷನ್ (ಮುಖ್ಯ ಆಕ್ಷನ್ ಬಿಟ್ಟು ಸಿಗೋ ಇನ್ನೊಂದ್ ಸಣ್ಣ ಆಕ್ಷನ್) ಪ್ರತಿ ಟರ್ನ್ ಎಲ್ಲಿ ಖರ್ಚಾಗ್ತೈತಿ ಅಂತ ಬರೀರಿ, ಯಾಕಂದ್ರ ಎರಡನೇ ಕತ್ತಿ ಏಟಿಗೂ ಅದ ಬೇಕು, ಟರ್ನಿಗೆ ಇರೂದು ಒಂದ. ನನ್ನ ರೇಂಜರ್ ಎರಡು ಶಾರ್ಟ್‌ಸ್ವರ್ಡ್ ಹಿಡಿದಿದ್ದ, ಒಬ್ಬ ವೈರಿ ಬಿದ್ದ ಕೂಡ್ಲೆ ಹಂಟರ್ಸ್ ಮಾರ್ಕ್ (ಗುರುತು ಹಾಕಿದ ವೈರಿಗೆ ಹೆಚ್ಚು ಡ್ಯಾಮೇಜ್ ಕೊಡೋ ಮಂತ್ರ) ಇನ್ನೊಬ್ಬನ ಮ್ಯಾಲ ಸರಿಸಬೇಕು, ಅದಕ್ಕ ಬೋನಸ್ ಆಕ್ಷನ್ ಹೋತು, ಎಡಗೈ ಕತ್ತಿ ಸುಮ್ನ ಕುಂತಿತ್ತು.

ಬೋನಸ್ ಆಕ್ಷನ್ ಖಾಲಿ ಐತಿ ಅಂದ್ರ ಲೆಕ್ಕ ಹಾಕೋಣ್ರಿ, ಎಲ್ಲಾ ಏಟೂ ಬಿದ್ವು ಅಂತ ಹಿಡಕೋರಿ. ಒಂದನೇ ಲೆವೆಲ್ ಫೈಟರ್, ಡೆಕ್ಸ್ 16 (ಮಾಡಿಫೈಯರ್, ಅಂದ್ರ ಏಟಿಗೆ ಕೂಡೋ ಅಂಕಿ, 3): ಡ್ಯುಯೆಲಿಂಗ್ (ಒಂದ ಆಯುಧ ಹಿಡಿದ್ರ ಡ್ಯಾಮೇಜ್ 2 ಜಾಸ್ತಿ ಕೊಡೋ ಸ್ಟೈಲ್) ತಗೊಂಡು ರೇಪಿಯರ್ ಹಿಡಿದ್ರ ಟರ್ನಿಗೆ ಸರಾಸರಿ ಡ್ಯಾಮೇಜ್ 9.5, ಟು ವೆಪನ್ ತಗೊಂಡು ಎರಡು ಶಾರ್ಟ್‌ಸ್ವರ್ಡ್ ಹಿಡಿದ್ರ 13, ಭಾಳ ಫರಕ್ ಐತಿ. ಐದನೇ ಲೆವೆಲ್ಲಿಗೆ ಆಕ್ಷನ್‌ದಾಗ ಎರಡು ಏಟು, ಡೆಕ್ಸ್ 18 ಆದ್ರ ಡ್ಯುಯೆಲಿಂಗ್ 21, ಎರಡು ಕತ್ತಿ 22.5. ಹನ್ನೊಂದಕ್ಕ ಮೂರು ಏಟು, ಡೆಕ್ಸ್ 20 ಇದ್ರ ಡ್ಯುಯೆಲಿಂಗ್ 34.5, ಎರಡು ಕತ್ತಿ 34, ಅಲ್ಲಿಗೆ ಡ್ಯುಯೆಲಿಂಗ ಮುಂದ. ಅದ್ರಾಗ ಇನ್ನೊಂದ್ ಕೈಯಾಗ ಶೀಲ್ಡ್ ಇರ್ತೈತಿ, ಎಸಿ (ಆರ್ಮರ್ ಕ್ಲಾಸ್, ಏಟು ತಾಗದಂಗ ಕಾಯೋ ಅಂಕಿ) 2 ಜಾಸ್ತಿ. ಡ್ಯುಯೆಲಿಂಗ್‌ಗೆ ಕೈ ಖಾಲಿ ಇರಬೇಕು ಅಂತ ಭಾಳ ಮಂದಿ ತಿಳ್ಕೊಂಡಾರ, ಹಂಗಿಲ್ರಿ, ಇನ್ನೊಂದ್ ಆಯುಧ ಇರಬಾರ್ದು ಅಷ್ಟ. ಹಿಂಗಾಗಿ ನಾ ಯಾರಿಗೆ ಹೇಳಿದ್ರೂ ರೇಪಿಯರ್, ಶೀಲ್ಡ್, ಡ್ಯುಯೆಲಿಂಗ್ ಅಂತೀನಿ. ಮೂರು ನಾಕು ಲೆವೆಲ್‌ದಾಗ ಮುಗಿಯೋ ಸಣ್ಣ ಕಥಿ ಆದ್ರ ಮಾತ್ರ ಎರಡು ಕತ್ತಿ ಹಿಡೀರಿ, ಮಜಾ ಬರ್ತೈತಿ.

ರೋಗ್ ಬ್ಯಾರೆ. ರೋಗ್‌ಗೆ ಸ್ಟೈಲ್ ಸಿಗೂದಿಲ್ಲ, ಆದ್ರೂ ಎರಡು ಕತ್ತಿ ಇಟ್ಕೋರಿ, ಮೊದಲನೇ ಏಟು ತಪ್ಪಿದ್ರ ಸ್ನೀಕ್ ಅಟ್ಯಾಕ್‌ಗೆ (ಟರ್ನಿಗೆ ಒಮ್ಮೆ ಸಿಗೋ ಹೆಚ್ಚಿನ ಡ್ಯಾಮೇಜ್) ಇನ್ನೊಂದ್ ಚಾನ್ಸ್ ಸಿಗ್ತೈತಿ, ಮೊದಲನೇದ ತಾಕಿದ್ರ ಬೋನಸ್ ಆಕ್ಷನ್‌ದಾಗ ಡಿಸ್ಎಂಗೇಜ್ ಮಾಡಿ (ವೈರಿ ಏಟು ತಿನ್ನದಂಗ ಹಿಂದ ಸರಿದು) ಓಡ್ರಿ. ಟು ವೆಪನ್ ಸ್ಟೈಲ್ ಕೊಡೂದು ಎರಡನೇ ಏಟಿಗೆ ಡೆಕ್ಸ್ ಮಾಡಿಫೈಯರ್ ಡ್ಯಾಮೇಜ್ ಅಷ್ಟ, ಬರೇ ಅದಕ್ಕಂತ ಫೈಟರ್ ಲೆವೆಲ್ ತಗೋಬ್ಯಾಡ್ರಿ.

ಗ್ರೇಟ್ ವೆಪನ್ ಸ್ಟೈಲ್ ಬಿಟ್ಟಬಿಡ್ರಿ, ಎರಡು ಕೈಲೆ ಹಿಡಿಯೋ ಫಿನೆಸ್ (ಡೆಕ್ಸ್ ಮ್ಯಾಲ ಹೊಡಿಯಾಕ ಬರೋ) ಆಯುಧನ ಇಲ್ಲ. ಡ್ಯಾಗರ್ ಎಸೀತೀನಿ ಅಂತ ಆರ್ಚರಿ ತಗೊಂಡವ್ರದಾರ, ಡ್ಯಾಗರ್ ಎಸೆದ್ರೂ ಮಿಲೀ ಆಯುಧನ, ಆರ್ಚರಿ ಬಿಲ್ಲಿನಂಥ ಆಯುಧಕ್ಕ ಏಟು ತಾಗಾಕ ಕೊಡೋ 2 ಸಿಗೂದಿಲ್ಲ. ಡಿಫೆನ್ಸ್ ಎಸಿಗೆ 1 ಕೊಡ್ತೈತಿ, ಆರ್ಮರ್ ಮೈಮ್ಯಾಲ ಇದ್ರ ಸಾಕು, ಕೈಯಾಗ ಕತ್ತಿ ಇರ್ಲಿ ಬಿಲ್ಲಿರ್ಲಿ ನಡೀತೈತಿ, ಎರಡನ್ನೂ ಆಡೋರಿಗೆ ಛೊಲೊ.

2024ರ ರೂಲ್ಸ್ ಆಡೋರಿದ್ರ ನಿಕ್ ಮಾಸ್ಟರಿ (ಆಯುಧದ ಒಂದು ವಿಶೇಷ ಗುಣ) ಇರೋ ಸಿಮಿಟಾರ್ ಇಲ್ಲಾ ಡ್ಯಾಗರ್ ಒಂದ್ ಕೈಯಾಗ ಇಡ್ರಿ, ಎರಡನೇ ಏಟು ಅಟ್ಯಾಕ್ ಆಕ್ಷನ್‌ದಾಗ ಬರ್ತೈತಿ, ಬೋನಸ್ ಆಕ್ಷನ್ ಉಳೀತೈತಿ, ನನ್ನ ರೇಂಜರ್‌ಗೆ ಬೇಕಾಗಿದ್ದು ಅದ.