ಮಗುವಿಗೆ ಕ್ಯಾಮೆರಾ ಪೈಪ್ ಬಿಡೋದು ದಾವಣಗೆರೆಯಲ್ಲಿ ಆಗಲ್ವಾ?

ನಾನು ದಾವಣಗೆರೆಯಲ್ಲಿ ಹೊಟ್ಟೆ, ಕರುಳಿನ ಡಾಕ್ಟರು. ಕಲಿತದ್ದು ದೊಡ್ಡವರ ಎಂಡೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಪೈಪ್ (ಸ್ಕೋಪ್) ಬಿಟ್ಟು ಒಳಗೆ ನೋಡುವುದು. ಇಲ್ಲಿ ಮೆಡಿಕಲ್ ಕಾಲೇಜು 1965ರಿಂದ ಇದೆ, ಮಕ್ಕಳ ಡಾಕ್ಟರುಗಳಿಗೂ ಬರವಿಲ್ಲ. ಆದರೂ ಮಗುವಿಗೆ ಎಂಡೋಸ್ಕೋಪಿ ಬೇಕು ಅಂದರೆ ಮೊದಲ ಎರಡು ವರ್ಷ ನಾನೂ ಚೀಟಿ ಬರೆದು ಬೆಂಗಳೂರಿಗೆ ಕಳಿಸಿದವನೇ. ಸುಮಾರು 260 ಕಿಲೋಮೀಟರ್, ಆಂಬುಲೆನ್ಸಿನಲ್ಲೂ ನಾಲ್ಕು ಗಂಟೆಗೆ ಕಮ್ಮಿಯಿಲ್ಲ.

ಇದು ಬದಲಾಗಿದ್ದು ರಿಮೋಟಿನ ಒಂದು ಸೆಲ್ಲಿನಿಂದ.

ಜಗಳೂರು ಕಡೆಯ ಎರಡು ವರ್ಷದ ಹುಡುಗ. ಬೆಳಿಗ್ಗೆಯಿಂದ ಜೊಲ್ಲು ಸುರಿಸುತ್ತಿದ್ದ, ಏನು ಕೊಟ್ಟರೂ ಉಗುಳುತ್ತಿದ್ದ. ಎಕ್ಸ್‌ರೇಯಲ್ಲಿ ಗುಂಡಗೆ ಏನೋ ಕಾಣಿಸಿತು, ಮೊದಲು ನೋಡಿದವರು ನಾಣ್ಯ ಅಂದಿದ್ದರು. ನಾಣ್ಯವಾದರೆ, ಮಗುವಿಗೆ ಬೇರೆ ತೊಂದರೆ ಇಲ್ಲದಿದ್ದರೆ, 24 ಗಂಟೆವರೆಗೂ ಕಾಯಬಹುದು. ಆದರೆ ಇದರ ಅಂಚಿನಲ್ಲಿ ಬಳೆಯೊಳಗೆ ಬಳೆ ಇಟ್ಟಂತೆ ಎರಡು ಗೆರೆ ಇದ್ದವು. ಬಟನ್ ಸೆಲ್. 20 ಮಿಲಿಮೀಟರ್ ಅಗಲ, ಹೆಚ್ಚುಕಮ್ಮಿ ಒಂದು ರೂಪಾಯಿ ನಾಣ್ಯದಷ್ಟೇ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಆಳವಾಗಿ ಸುಡುತ್ತದೆ. ಅದಕ್ಕೆ ಸೆಲ್ ಒಡೆದು ಸೋರಬೇಕು ಅಂತೇನಿಲ್ಲ, ಒದ್ದೆ ಜಾಗದಲ್ಲಿ ಕರೆಂಟ್ ಹರಿದು ಮೈನಸ್ ಕಡೆ ಕ್ಷಾರ ಹುಟ್ಟುತ್ತದೆ, ಅದು ಸಾಕು.

ಹುಡುಗ 11 ಕೆಜಿ ಇದ್ದ. ದೊಡ್ಡವರ ಸ್ಕೋಪೇ ಅವನಿಗೆ ನಡೆಯುತ್ತಿತ್ತು, ನಾನೂ ಬಿಡುವಾಗಿದ್ದೆ. ಸಿಗದಿದ್ದದ್ದು ಅಷ್ಟು ಸಣ್ಣ ಮಗುವಿಗೆ ರಾತ್ರಿ ಎಂಟಕ್ಕೆ ಅನಸ್ತೇಶಿಯಾ (ಪ್ರಜ್ಞೆ ತಪ್ಪಿಸುವ ಔಷಧಿ) ಕೊಡಲು ಒಪ್ಪುವವರು. ಫೋನ್ ಮೇಲೆ ಫೋನ್ ಮಾಡಿ ಮೂರು ಗಂಟೆ ಹೋಯಿತು. ಸೆಲ್ ತೆಗೆದೆವು, ಹುಡುಗ ಉಳಿದ. ಆದರೆ ಸುಟ್ಟ ಜಾಗ ಗಾಯ ಮಾಗುತ್ತಾ ಕಿರಿದಾಗಿ, ಆಮೇಲೆ ಆರು ಸಲ ಹಿಗ್ಗಿಸಬೇಕಾಯಿತು. ಆ ಮೂರು ಗಂಟೆ ಉಳಿಸಿದ್ದರೆ ಅಂತ ಈಗಲೂ ಅನಿಸುತ್ತದೆ.

ಆಮೇಲೆ ಮಾಡಿದ ಮೊದಲ ಕೆಲಸ ಸ್ಕೋಪ್ ಕೊಳ್ಳುವುದಲ್ಲ. ಇಬ್ಬರು ಅನಸ್ತೇಶಿಯಾ ಡಾಕ್ಟರುಗಳ ಜೊತೆ ಕೂತು ಚಹಾ ಕುಡಿದಿದ್ದು. ಮಕ್ಕಳಿಗೆ ಬಾಯಿಗೆ ಸ್ಪ್ರೇ ಹೊಡೆದು 'ನುಂಗಪ್ಪಾ' ಅಂದರೆ ಆಗಲ್ಲ. ಅನಸ್ತೇಶಿಯಾ ಕೊಡಲೇಬೇಕು, ಸಣ್ಣವರಲ್ಲಿ ಸ್ಕೋಪೇ ಶ್ವಾಸನಾಳವನ್ನು ಒತ್ತಿಬಿಡಬಹುದು, ಸಿಕ್ಕಿಕೊಂಡ ವಸ್ತು ತೆಗೆಯುವಾಗ ಉಸಿರಿನ ನಳಿಗೆ ಹಾಕಿಕೊಂಡೇ ಮಾಡುವುದು ಕ್ಷೇಮ. ಅವರು ಒಂದೇ ಷರತ್ತು ಹಾಕಿದರು. ಎಂಡೋಸ್ಕೋಪಿ ರೂಮಿನಲ್ಲಿ ಬೇಡ, ಆಪರೇಷನ್ ಥಿಯೇಟರಿನಲ್ಲೇ (ಓಟಿ) ಆಗಬೇಕು. ಸರಿ, ಇಡೀ ಮಿಷನ್ ತಳ್ಳಿಕೊಂಡು ಓಟಿಗೆ ಹೋಗುವುದು ಶುರುವಾಯಿತು. ಲಿಫ್ಟ್ ಕೆಟ್ಟ ದಿನದ ಕಥೆ ಬೇಡ ಬಿಡಿ.

ಸಣ್ಣ ಸ್ಕೋಪ್ ಬಂದದ್ದು ಅದಾಗಿ ಎರಡು ವರ್ಷಕ್ಕೆ. 10 ಕೆಜಿಗಿಂತ ಕಮ್ಮಿ ಇರುವ ಮಕ್ಕಳಿಗೆ 6 ಮಿಲಿಮೀಟರ್ ಒಳಗಿನದು ಬೇಕು, ದೊಡ್ಡವರದು 9ರ ಮೇಲಿರುತ್ತದೆ. 'ತಿಂಗಳಿಗೆ ಮೂರು ಕೇಸಿಗೆ ಒಂದು ಕಾರಿನ ದುಡ್ಡಾ ಡಾಕ್ಟ್ರೇ?' ಅಂತ ಆಸ್ಪತ್ರೆಯವರು ಕೇಳಿದರು, ಆ ಪ್ರಶ್ನೆ ತಪ್ಪೂ ಅಲ್ಲ. ಬಂದ ಮೇಲೆ ಇನ್ನೊಂದು ತಲೆನೋವು: ಅದರ ಒಳದಾರಿ 2 ಮಿಲಿಮೀಟರ್, ನಮ್ಮಲ್ಲಿದ್ದ ಬಲೆ, ಇಕ್ಕಳ ಯಾವುದೂ ತೂರುತ್ತಿರಲಿಲ್ಲ. ಈಗ ಮನೆಯವರಿಗೆ ಫೋನಿನಲ್ಲೇ ಹೇಳುತ್ತೇನೆ, ಅಂಥದೇ ಇನ್ನೊಂದು ಸೆಲ್ಲೋ ಪಿನ್ನೋ ಇದ್ದರೆ ತನ್ನಿ ಅಂತ. ಮಗುವಿಗೆ ಅನಸ್ತೇಶಿಯಾ ಕೊಡುವ ಮುಂಚೆ ಟೇಬಲ್ ಮೇಲಿಟ್ಟು, ಯಾವುದರಲ್ಲಿ ಹಿಡಿತ ಸಿಗುತ್ತೆ ನೋಡಿಕೊಳ್ಳುತ್ತೇನೆ.

ಬಾಳೆಹಣ್ಣಿನ ವಿಷಯ ಹೇಳಲೇಬೇಕು. ನಾಣ್ಯ ನುಂಗಿದರೆ ಬಾಳೆಹಣ್ಣು ತಿನ್ನಿಸಿದರೆ ಕೆಳಗೆ ಜಾರುತ್ತೆ ಅಂತ ಹೊಳಲ್ಕೆರೆಯಿಂದ ಹರಪನಹಳ್ಳಿವರೆಗೆ ಎಲ್ಲರೂ ನಂಬಿದ್ದಾರೆ. ಜಾರಲ್ಲ. ಹೊಟ್ಟೆ ತುಂಬಿಕೊಳ್ಳುತ್ತದೆ, ಅನಸ್ತೇಶಿಯಾ ಕೊಡಲು ನಾವು ಆರು ಗಂಟೆ ಕಾಯಬೇಕಾಗುತ್ತದೆ. ಸೆಲ್ ಆದರೆ ಕಾಯೋ ಹಾಗೂ ಇಲ್ಲ, ತುಂಬಿದ ಹೊಟ್ಟೆಯಲ್ಲೇ ಅಪಾಯ ತಗೊಂಡು ಮಾಡಬೇಕು. ಸೆಲ್ ನುಂಗಿ 12 ಗಂಟೆ ಆಗಿಲ್ಲ, ಮಗುವಿಗೆ ಒಂದು ವರ್ಷ ತುಂಬಿದೆ, ನುಂಗಲು ಆಗುತ್ತಿದೆ ಅಂದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು ಕೊಡಬಹುದು, ಆರು ಸಲದವರೆಗೆ. ಸುಡುವುದು ಸ್ವಲ್ಪ ತಡೆಯುತ್ತದೆ. ಆದರೆ ಜೇನು ಹುಡುಕಿಕೊಂಡು ಅಂಗಡಿ ಅಲೆಯಬೇಡಿ, ಗಾಡಿ ಹತ್ತಿ.

ಸೆಲ್ಲು, ನಾಣ್ಯ ಬಿಟ್ಟರೆ ಜಾಸ್ತಿ ಬರುವುದು ಟಾಯ್ಲೆಟ್ ಆಸಿಡ್ ಕುಡಿದವರು, ರಕ್ತ ವಾಂತಿಯವರು, ಮತ್ತೆ ಮಲದಲ್ಲಿ ರಕ್ತ ಹೋಗುವವರು. ಈ ಕೊನೆಯವರನ್ನು ಮೂಲವ್ಯಾಧಿ ಅಂತ ನಾಟಿ ಔಷಧಿಗೆ ತಿಂಗಳುಗಟ್ಟಲೆ ಓಡಾಡಿಸಿರುತ್ತಾರೆ. ಮಕ್ಕಳಿಗೆ ಮೂಲವ್ಯಾಧಿ ಅಪರೂಪ. ನೋವಿಲ್ಲದೆ ರಕ್ತ ಹೋಗುತ್ತಿದ್ದರೆ ಬಹಳ ಸಲ ಅದು ಕರುಳಿನ ತುದಿಯಲ್ಲಿ ಚೆರ್ರಿ ಹಣ್ಣಿನಂತೆ ನೇತಾಡುವ ಒಂದು ಸಣ್ಣ ಗಂಟು, ಪಾಲಿಪ್. ತಂತಿಯ ಕುಣಿಕೆ ಹಾಕಿ ಕತ್ತರಿಸಿದರೆ ಮುಗಿಯಿತು, ತಾಯಂದಿರಿಗೆ ಬಾಟಲಿಯಲ್ಲಿ ತೋರಿಸಿದಾಗ 'ಇಷ್ಟಕ್ಕಾ ಸಾರ್!' ಅನ್ನುತ್ತಾರೆ.

ಎಲ್ಲಾ ಇಲ್ಲೇ ಆಗುತ್ತೆ ಅಂತ ನಾನು ಹೇಳಲ್ಲ. ಕೈಗೂಸುಗಳ ದೊಡ್ಡ ಕರುಳು ನೋಡುವ ಕೆಲಸಕ್ಕೆ ನಾನು ಕೈ ಹಾಕಲ್ಲ. ಈ ತಿಂಗಳಂತೂ ಸಣ್ಣ ಸ್ಕೋಪಿನ ತುದಿ ಬಾಗಿಸುವ ತಂತಿ ತುಂಡಾಗಿ ರಿಪೇರಿಗೆ ಹೋಗಿದೆ. ಅದು ಬರುವವರೆಗೆ 10 ಕೆಜಿ ಒಳಗಿನ ಮಕ್ಕಳಿಗೆ ಮತ್ತೆ ಬೆಂಗಳೂರೇ. ಚೀಟಿ ಬರೆಯುವ ಮುಂಚೆ ಅಲ್ಲಿಗೆ ನಾನೇ ಫೋನ್ ಮಾಡಿ, ಇವತ್ತು ಅನಸ್ತೇಶಿಯಾದವರು ಇದ್ದಾರಾ ಅಂತ ಕೇಳಿಕೊಂಡು ಕಳಿಸುತ್ತಿದ್ದೇನೆ.