ಐದು ನಿಮಿಷದ ದಾರಿ, ಎರಡು ವರ್ಷ

ಕಟಪಾಡಿ ಪೇಟೆಯ ಮೆಡಿಕಲ್‌ಗೆ ನಮ್ಮ ಮನೆಯಿಂದ ನಡೆದರೆ ಐದು ನಿಮಿಷ. ಆದರೂ ಎರಡು ವರ್ಷ ನಾನು ಬಸ್ಸು ಹತ್ತಿ ಉಡುಪಿಗೆ ಹೋಗಿ ಮದ್ದು ತರುತ್ತಿದ್ದೆ. ಇಲ್ಲಿ ಎಲ್ಲರೂ ಪರಿಚಯದವರು, ಚೀಟಿ ನೋಡಿದರೆ ಗೊತ್ತಾಗುತ್ತದಲ್ವಾ? ನಮ್ಮೂರಲ್ಲಿ ಇದಕ್ಕೆಲ್ಲ ಒಂದೇ ಹೆಸರು, ‘ಮರ್ಲ್‌ದ ಮರ್ದ್’, ಅಂದರೆ ತುಳುವಿನಲ್ಲಿ ಹುಚ್ಚಿನ ಮದ್ದು.

ನನ್ನದು ಖಿನ್ನತೆ. ಡಾಕ್ಟರು ಎಸ್ಸಿಟಾಲೊಪ್ರಾಮ್ 10 ಮಿಲಿಗ್ರಾಂ ಬರೆದಿದ್ದರು. ಮೊದಲ ವಾರ ಹೊಟ್ಟೆ ತೊಳಸುತ್ತಿತ್ತು. ನಾಲ್ಕು ವಾರ ಕಳೆದ ಮೇಲೆ ಬೆಳಿಗ್ಗೆ ಏಳುವುದು ಸುಲಭವಾಯಿತು. ಸ್ಟ್ರಿಪ್ಪನ್ನು ಹೊಲಿಗೆ ಡಬ್ಬಿಯಲ್ಲಿ ನೂಲಿನ ಕೆಳಗೆ ಇಡುತ್ತಿದ್ದೆ. ಅಮ್ಮನಿಗೆ ಮಾತ್ರ ಗೊತ್ತಿತ್ತು. "ತಂಗಿಗೆ ಸಂಬಂಧ ನೋಡ್ತಾ ಇದ್ದೇವೆ ಮಗಾ, ಯಾರಿಗೂ ಹೇಳ್ಬೇಡ" ಅಂದಿದ್ದರು. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ.

ಒಂದು ಜುಲೈಯಲ್ಲಿ ಮಳೆ ಬಿಡಲೇ ಇಲ್ಲ. ಮಾತ್ರೆ ಮುಗಿದಿತ್ತು, ನಾಲ್ಕು ದಿನ ಉಡುಪಿಗೆ ಹೋಗಲಾಗಲಿಲ್ಲ. ತಲೆ ತಿರುಗತೊಡಗಿತು. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದ ಹಾಗೆ. ಸುಮ್ನೆ ಕೂತಲ್ಲೇ ಅಳು. ದೊಡ್ಡಮ್ಮ ನೋಡಿ, "ಜೋಯಿಸರ ಹತ್ತಿರ ಒಂದು ಪ್ರಶ್ನೆ ಇಡಿಸುವ" ಅಂದರು.

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. ಇದು ಚಟ ಹಿಡಿಸುವ ಮದ್ದಲ್ಲ, ಆದರೆ ದೇಹ ಒಗ್ಗಿರುತ್ತದೆ, ದಿಢೀರ್ ನಿಲ್ಲಿಸಬಾರದು, ಬಿಡುವಾಗ ನಮ್ಮನ್ನು ಕೇಳಿ ಸ್ವಲ್ಪಸ್ವಲ್ಪವೇ ಕಡಿಮೆ ಮಾಡಬೇಕು ಎಂದರು. ನಾಚಿಕೆಯಿಂದ ನಾನು ನನ್ನ ಮೈಗೇ ತೊಂದರೆ ಕೊಟ್ಟಿದ್ದೆ.

ಅದೇ ಸಂಜೆ ಕೊಡೆ ಹಿಡಿದು ಪೇಟೆಯ ಮೆಡಿಕಲ್‌ಗೆ ಹೋದೆ. ಎದೆ ಹೊಡೆದುಕೊಳ್ಳುತ್ತಿತ್ತು. ಅಂಗಡಿಯವರು ಕೇಳಿದ್ದು ಒಂದೇ, "ಹದಿನೈದು ದಿನದ್ದಾ, ತಿಂಗಳದ್ದಾ?" ಪಕ್ಕದಲ್ಲಿದ್ದ ನೆರೆಮನೆಯವರು ಚೀಟಿಯತ್ತ ಬಗ್ಗಿ, "ಎಂಥದ್ದಕ್ಕೆ ಮದ್ದು?" ಅಂದರು. "ಖಿನ್ನತೆಗೆ ಅಕ್ಕ" ಅಂದೆ. ಧ್ವನಿ ನಡುಗಿತು, ಆದರೆ ಹೇಳಿದೆ.

ಸುದ್ದಿ ಹಬ್ಬಿತು. ತಂಗಿಗೆ ಬಂದ ಒಂದು ಸಂಬಂಧದವರು ಮತ್ತೆ ಫೋನ್ ಮಾಡಲಿಲ್ಲ. ಅಮ್ಮ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಆ ನೋವು ಈಗಲೂ ಇದೆ. ತಂಗಿ ಮಾತ್ರ, "ಇದನ್ನು ಕೇಳಿ ಓಡುವವರ ಮನೆಗೆ ನಾನು ಯಾಕೆ ಹೋಗ್ಬೇಕು?" ಅಂದಳು.

ಎಲ್ಲರಿಗೂ ಹೇಳಲೇಬೇಕೆಂದಿಲ್ಲ. ಕೆಲಸದ ಕಡೆ ನಾನು ಈಗಲೂ ಹೇಳಿಲ್ಲ. ಆದರೆ ಮನೆಯಲ್ಲಿ ಒಬ್ಬರಿಗಾದರೂ ಮಾತ್ರೆಯ ಹೆಸರು, ಡೋಸು ಗೊತ್ತಿರಲಿ. ಮುಗಿಯುವ ಮೊದಲೇ ತಂದಿಡಿ. ಯಾರೂ ಇಲ್ಲ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಮನೆಯಲ್ಲಿ ಲೆಕ್ಕ ಇಡುವವಳು ತಂಗಿ. "ಆರೇ ಉಳಿದದ್ದು, ನಾಳೆ ತರ್ತೇನೆ" ಎಂದು ನಿನ್ನೆ ಅವಳೇ ಹೇಳಿದಳು.